ನಮ್ಮ ಮನೆಯ ಕುದುರೆ

(ಕಲಿಕಾ ಕೇಂದ್ರದ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ಹಗಲೆಲ್ಲ ದುಡಿದು, ಅಡಿಗೆ ಮುಗಿಸಿ, ಮಕ್ಕಳಿಗೆ ಉಣಿಸಿ ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತು ಬೆಲೆಯುಳ್ಳದ್ದು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಆಕಳು, ಎಮ್ಮೆ, ಕುರಿ, ಕೋಳಿ ಸಾಕುವ ಬಗ್ಗೆ ನೀವು ಪಾಠ ಓದಿದ್ದೀರಿ. ಕುದುರೆಯ ಪಾಠ ಓದಿದ್ದೀರೇನು? ಇಲ್ಲ. ಇವತ್ತು ಆ ಮಾತು ಆಡೋಣ.

ಕುದುರೆ ಅಂದರೆ ರಾಜರದು, ಸಿನಿಮಾದವರದು ಅಂತ ಪಟ್ಟಣದವರು ತಿಳಿಯುತ್ತಾರೆ. ನಮಗೆ ಗೊತ್ತು, ಅದು ಬಡವರ ಮನೆಯ ಪ್ರಾಣಿಯೂ ಹೌದು. ಕುರಿ ಹಿಂಡಿನ ಜೊತೆ ಊರೂರು ತಿರುಗುವ ಕುರಿಗಾರರಿಗೆ ತಟ್ಟು ಕುದುರೆಯೇ ಬಂಡಿ. ಕಂಬಳಿ, ಬಲೆ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಕುರಿಮರಿ, ಎಲ್ಲವೂ ಅದರ ಬೆನ್ನ ಮೇಲೆ. ಕೆಲವರು ಮದುವೆ ಮೆರವಣಿಗೆಗೆ ಕುದುರೆಯನ್ನು ಬಾಡಿಗೆಗೆ ಕಳಿಸುತ್ತಾರೆ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರಲಿಂಗನಿಗೂ ಕುದುರೆಯೇ ವಾಹನ. ಭರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇದನ್ನು ಹೇಳಬೇಕಿಲ್ಲ.

ಆದರೆ ಕುದುರೆಗಳು ಕಡಿಮೆಯಾಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದಲ್ಲಿ 6 ಲಕ್ಷಕ್ಕಿಂತ ಹೆಚ್ಚು ಕುದುರೆ, ತಟ್ಟುಗಳಿದ್ದವು. 2019ರ ಗಣತಿಯಲ್ಲಿ ಸುಮಾರು 3 ಲಕ್ಷ 40 ಸಾವಿರ ಉಳಿದಿದ್ದವು. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಹೋದವು. ಕುದುರೆ ಕಡಿಮೆಯಾದಂತೆ ಕುದುರೆಯ ತಿಳಿವಳಿಕೆಯೂ ಕಡಿಮೆಯಾಗುತ್ತದೆ. ಲಾಳ ಕಟ್ಟುವವರು ಸಿಗುವುದಿಲ್ಲ. ಕೇಳೋಣ ಅಂದರೆ ಹಿರಿಯರೂ ಇಲ್ಲ.

ಹಾಗಾದರೆ ಈಗ ಕುದುರೆಯನ್ನು ಬಲ್ಲವರು ಯಾರು? ದಿನಾ ಅದಕ್ಕೆ ನೀರು ಇಡುವವರು ಯಾರು? ಲದ್ದಿ ಬಳಿಯುವವರು ಯಾರು? ಮೇವು ಹಾಕುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ. ಕುದುರೆ ಹತ್ತುವವರು ಗಂಡಸರು. ನೋಡಿಕೊಳ್ಳುವವರು ಹೆಂಗಸರು. ಅದಕ್ಕೇ ಈ ಮಾತು ನಿಮಗೆ.

ಕುದುರೆ ಆಕಳಲ್ಲ

ಮೊದಲ ಮಾತು ಇದು. ಕುದುರೆ ಆಕಳಲ್ಲ, ಎಮ್ಮೆಯೂ ಅಲ್ಲ. ಆಕಳು ಗಬಗಬ ತಿಂದು, ಆಮೇಲೆ ಕೂತು ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಜಠರ ಚಿಕ್ಕದು. ಅದಕ್ಕೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ. ತಿಂದದ್ದು ಕೆಟ್ಟದ್ದಾದರೆ ನಾವು ಕಾರಿಕೊಳ್ಳುತ್ತೇವೆ. ನಾಯಿ ಕಾರಿಕೊಳ್ಳುತ್ತದೆ. ಕುದುರೆಗೆ ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ದಾರಿಯಲ್ಲಿ ತಡೆದರೆ ಜೀವಕ್ಕೇ ಅಪಾಯ.

ಆದ್ದರಿಂದ ಮೇವನ್ನು ಒಂದೇ ಸಲ ರಾಶಿ ಹಾಕಬಾರದು. ಸ್ವಲ್ಪ ಸ್ವಲ್ಪ, ಮೂರು ನಾಲ್ಕು ಸಲ ಹಾಕಬೇಕು. 200 ಕಿಲೊ ತೂಕದ ತಟ್ಟುವಿಗೆ ದಿನಕ್ಕೆ ಸುಮಾರು 4 ಕಿಲೊ ಒಣ ಮೇವು ಬೇಕು. ಜೋಳದ ಸೊಪ್ಪೆ, ಒಣ ಹುಲ್ಲು, ಧೂಳು ಕೊಡವಿದ ಶೇಂಗಾ ಹೊಟ್ಟು ಆಗುತ್ತವೆ. ಹುರುಳಿ ಒಳ್ಳೆಯದು, ಆದರೆ ನೆನೆಸಿ ಇಲ್ಲವೆ ಬೇಯಿಸಿ, ಮಿತವಾಗಿ ಕೊಡಬೇಕು. ಹಬ್ಬ ಬಂತೆಂದು, ಮದುವೆ ಮನೆಯಲ್ಲಿ ಉಳಿಯಿತೆಂದು ಅನ್ನ, ಹೋಳಿಗೆ, ಕಾಳು ರಾಶಿ ಹಾಕಬಾರದು. ಅದು ಪ್ರೀತಿಯಲ್ಲ, ಹೊಟ್ಟೆಶೂಲೆಗೆ ಕರೆ.

ನೀರಿನ ಕಷ್ಟ ನಿಮಗೆ ಗೊತ್ತು. ಕೂಡ್ಲಿಗಿ, ಕೊಟ್ಟೂರು ಕಡೆ ಬೇಸಿಗೆ ಬಂದರೆ ಮನೆಯವರಿಗೇ ನೀರಿಲ್ಲ. ಆದರೂ ತಟ್ಟುವಿಗೆ ದಿನಕ್ಕೆ ಒಂದು ಕೊಡ ಬೇಕೇ ಬೇಕು. ಬಿಸಿಲಿನಲ್ಲಿ, ದುಡಿದ ದಿನ ಎರಡು ಕೊಡ, ಕೆಲವು ಸಲ ಇನ್ನೂ ಹೆಚ್ಚು. ನೀರು ಕಡಿಮೆಯಾದರೆ ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಒಂದು ಕೊಡ ನೀರು ಉಳಿಸಲು ಹೋಗಿ ಕುದುರೆಯನ್ನೇ ಕಳೆದುಕೊಳ್ಳಬಾರದು.

ಮೂರು ವಿಷ

ನಮ್ಮ ಕಡೆ ಸುಲಭವಾಗಿ ಸಿಗುವ ಮೂರು ಮೇವು ಕುದುರೆಗೆ ವಿಷವಾಗಬಹುದು. ಇವನ್ನು ನೆನಪಿಡಿ.

ಒಂದು, ಬೂಸಲು ಹಿಡಿದ ಮೆಕ್ಕೆಜೋಳ. ಹರಪನಹಳ್ಳಿ ಕಡೆ ಮೆಕ್ಕೆಜೋಳ ಬಹಳ. ಕಣದಲ್ಲಿ ಮಳೆಗೆ ನೆನೆದು ಬೂಸಲು ಬಂದದ್ದನ್ನು ಪೇಟೆಯವರು ಕೊಳ್ಳುವುದಿಲ್ಲ. “ದನಕ್ಕೆ, ಕುದುರಿಗೆ ಹಾಕಿದರಾತು” ಅಂತೀವಿ. ಹಾಕಬ್ಯಾಡ್ರಿ. ಆ ಬೂಸಲಿನ ವಿಷ ಕುದುರೆಯ ಮಿದುಳನ್ನು ಕೆಡಿಸುತ್ತದೆ. ಕುದುರೆ ತೂರಾಡುತ್ತದೆ, ಕಣ್ಣು ಕಾಣದಂತೆ ನಡೆಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಬಿದ್ದು ಸಾಯುತ್ತದೆ. ಇದಕ್ಕೆ ಮದ್ದಿಲ್ಲ. ಹಾಕದೆ ಇರುವುದೇ ಮದ್ದು.

ಎರಡು, ಕೋಳಿ ಆಹಾರ. ಕೋಳಿಗೆ ಬರುವ ಒಂದು ರೋಗ ತಡೆಯಲು ಅದರ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸುವುದುಂಟು. ಕೋಳಿಗೆ ಮದ್ದಾದದ್ದು ಕುದುರೆಯ ಹೃದಯವನ್ನು ಕೆಡಿಸುತ್ತದೆ. ಸ್ವಲ್ಪ ತಿಂದರೂ ಸಾಕು. ಕೋಳಿ ಫಾರಂನಿಂದ ಅಗ್ಗಕ್ಕೆ ಚೀಲ ಸಿಕ್ಕಿತೆಂದು ತರಬೇಡಿ. ಯಾವ ಚೀಲವೇ ಆಗಲಿ, ಮೇಲಿನ ಅಕ್ಷರ ಓದಿರಿ. ಈಗ ನಿಮಗೆ ಓದಲು ಬರುತ್ತದಲ್ಲ!

ಮೂರು, ಎಳೆಯ ಹಸಿ ಜೋಳದ ಬೆಳೆ. ಒಣಗಿದ ಸೊಪ್ಪೆಗೆ ತೊಂದರೆಯಿಲ್ಲ. ಆದರೆ ಹೊಲದಲ್ಲಿ ಹಸಿ ಜೋಳವನ್ನು ದಿನಗಟ್ಟಲೆ ಮೇದರೆ ಕುದುರೆಯ ಮೂತ್ರಕೋಶ ಕೆಡುತ್ತದೆ. ಉಚ್ಚೆ ತೊಟ್ಟಿಕ್ಕುತ್ತಲೇ ಇರುತ್ತದೆ. ಹಿಂಗಾಲು ಸ್ವಾಧೀನ ತಪ್ಪುತ್ತವೆ.

ಬೆಳಗಿನ ನೋಟ

ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ತೋರಿಸುತ್ತದೆ. ಬೆಳಿಗ್ಗೆ ಎದ್ದು ಕಸ ಗುಡಿಸುವಾಗಲೇ ಐದು ಸಂಗತಿ ನೋಡಿರಿ.

1. ಮೇವು. ರಾತ್ರಿ ಹಾಕಿದ್ದು ಉಳಿದಿದೆಯೇ?

2. ಲದ್ದಿ. ಆರೋಗ್ಯದ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ರಾತ್ರಿಯದು ಎಷ್ಟು ಬಿದ್ದಿದೆ? ಗಟ್ಟಿಯೇ, ತೆಳುವೇ?

3. ಕಣ್ಣು, ಮೂಗು. ಕಣ್ಣು ಹೊಳೆಯುತ್ತಿದೆಯೇ? ಮೂಗಿನಲ್ಲಿ ಸಿಂಬಳವಿದೆಯೇ?

4. ಒಸಡು. ತುಟಿ ಎತ್ತಿ ನೋಡಿರಿ. ನಸುಗೆಂಪು ಇದ್ದರೆ ಒಳ್ಳೆಯದು. ಬಿಳಿಚಿಕೊಂಡಿದ್ದರೆ, ಕಡು ಕೆಂಪು ಇಲ್ಲವೆ ನೀಲಿ ಇದ್ದರೆ ಕೆಟ್ಟದ್ದು.

5. ಕಾಲು. ನಾಲ್ಕೂ ಕಾಲಿನ ಮೇಲೆ ಸಮವಾಗಿ ನಿಂತಿದೆಯೇ? ಯಾವುದಾದರೂ ಗೊರಸು ಬಿಸಿಯೇ?

ಇದಕ್ಕೆ ಐದು ನಿಮಿಷ ಸಾಕು. ಲದ್ದಿ ಬಳಿಯುವುದು ಹೊಲಸು ಕೆಲಸ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ. ಕುದುರೆಯ ಹೊಟ್ಟೆಯ ಸುದ್ದಿ ಮೊದಲು ಗೊತ್ತಾಗುವುದು ಲದ್ದಿ ಬಳಿಯುವವಳಿಗೆ.

ಹೊಟ್ಟೆಶೂಲೆ

ಕುದುರೆಯ ದೊಡ್ಡ ಶತ್ರು ಹೊಟ್ಟೆಶೂಲೆ. ಗುರುತು ಹೀಗಿರುತ್ತದೆ. ಮೇವು ಬಿಡುತ್ತದೆ. ಲದ್ದಿ ನಿಲ್ಲುತ್ತದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ. ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಹೊರಳಾಡುತ್ತದೆ. ಮೈ ಬೆವರುತ್ತದೆ.

ಆಗ ಏನು ಮಾಡಬೇಕು? ಮೇವು ತೆಗೆದಿಡಿ. ಡಾಕ್ಟರಿಗೆ ಕೂಡಲೇ ಫೋನು ಮಾಡಿರಿ. ಬರುವ ತನಕ ನಿಧಾನವಾಗಿ ನಡೆದಾಡಿಸಿರಿ. ಓಡಿಸಬೇಡಿ. ಜೋರಾಗಿ ಹೊರಳುತ್ತಿದ್ದರೆ ಮಕ್ಕಳನ್ನು ದೂರ ಕಳಿಸಿರಿ, ನೀವೂ ದೂರ ನಿಲ್ಲಿರಿ.

ಏನು ಮಾಡಬಾರದು? ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಕಷಾಯ ಹುಯ್ಯಬಾರದು. ತಲೆ ಎತ್ತಿ ಹಿಡಿದು ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆನೋವಿನ ಮೇಲೆ ನ್ಯುಮೋನಿಯಾ. ಡಾಕ್ಟರರು ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಔಷಧಿ ಕೊಡುತ್ತಾರೆ. ಅದು ಬೇರೆ. ಹೊಟ್ಟೆಯ ಮೇಲೆ ಬರೆ ಹಾಕುವುದೂ ಬೇಡ. ಬರೆಯಿಂದ ಕರುಳಿನ ತೊಡಕು ಬಿಡುವುದಿಲ್ಲ. ನೋವಿಗೆ ಇನ್ನೊಂದು ನೋವು ಸೇರುತ್ತದೆ, ಅಷ್ಟೆ.

ಗೊರಸು, ಗಾಯ, ಹೊರೆ

ಕುದುರೆಯ ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ದಿನಾ ಸಂಜೆ ಗೊರಸು ಎತ್ತಿ, ಒಳಗೆ ಸಿಕ್ಕ ಕಲ್ಲು, ಮುಳ್ಳು, ಮೊಳೆ ತೆಗೆಯಬೇಕು. ಜಾಲಿ ಮುಳ್ಳಿನ ನಾಡು ನಮ್ಮದು.

ಮುಳ್ಳು, ಮೊಳೆ ನೆಟ್ಟ ಗಾಯದಿಂದ ಧನುರ್ವಾಯು ಬರುತ್ತದೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಅತಿ ಸುಲಭವಾಗಿ ತಗಲುವುದು ಕುದುರೆಗೆ. ಮೈ ಮರದ ಹಾಗೆ ಸೆಟೆಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಬಂದ ಮೇಲೆ ಉಳಿಸುವುದು ಬಲು ಕಷ್ಟ. ಬರದಂತೆ ಚುಚ್ಚುಮದ್ದು ಇದೆ. ನೀವು ಬಸುರಿಯಾಗಿದ್ದಾಗ ನರ್ಸಮ್ಮ ಧನುರ್ವಾಯು ಸೂಜಿ ಹಾಕಿದ್ದು ನೆನಪಿದೆಯೇ? ಕುದುರೆಗೂ ಹಾಗೇ. ಇನ್ನೊಂದು ಮಾತು. ಈ ರೋಗದ ಬೀಜ ಕುದುರೆ ಲದ್ದಿಯಲ್ಲೇ ಇರುತ್ತದೆ. ಬರಿಗಾಲಲ್ಲಿ, ಒಡೆದ ಹಿಮ್ಮಡಿಯಲ್ಲಿ ಲದ್ದಿ ತುಳಿಯುವವರು ನೀವು. ಆದ್ದರಿಂದ ಚಪ್ಪಲಿ ಹಾಕಿರಿ. ಗಾಯವಾದರೆ ಸಾಬೂನು ಹಚ್ಚಿ ತೊಳೆದು, ಆರೋಗ್ಯ ಕೇಂದ್ರಕ್ಕೆ ಹೋಗಿ ಸೂಜಿ ಹಾಕಿಸಿಕೊಳ್ಳಿರಿ.

ಹೊರೆಗೂ ಲೆಕ್ಕವಿದೆ. 1965ರ ಕೇಂದ್ರ ಸರಕಾರದ ನಿಯಮದ ಪ್ರಕಾರ ತಟ್ಟುವಿನ ಬೆನ್ನ ಮೇಲೆ 70 ಕಿಲೊಗಿಂತ ಹೆಚ್ಚು ಹೇರಬಾರದು. ಕತ್ತೆಗೆ 50 ಕಿಲೊ. ಇದು ಕಟ್ಟಕಡೆಯ ಮಿತಿ. ಸಣ್ಣ ತಟ್ಟುವಿಗೆ, ಮುದಿ ತಟ್ಟುವಿಗೆ ಇನ್ನೂ ಕಡಿಮೆ ಹೇರಬೇಕು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ನಮ್ಮ ಬೇಸಿಗೆ ಹೇಗಿರುತ್ತದೆ ಎಂದು ನಾನು ಹೇಳಬೇಕೇ? ಹೊರೆ ಇಳಿಸಿದ ಮೇಲೆ ಬೆನ್ನು ಸವರಿ ನೋಡಿರಿ. ಕೂದಲು ಉದುರಿದ್ದರೆ, ಚರ್ಮ ಬಿಸಿಯಾಗಿದ್ದರೆ ನಾಳೆ ಅಲ್ಲಿ ಹುಣ್ಣು. ಕೆಳಗೆ ಮೆತ್ತನೆಯ ಕಂಬಳಿ ಮಡಿಸಿ ಹಾಕಿರಿ. ಹುಣ್ಣು ಮಾಯುವ ತನಕ ಹೊರೆ ಬೇಡ.

ಹೆರಿಗೆ

ಕುದುರೆಗೆ ಗಬ್ಬ ಸುಮಾರು 11 ತಿಂಗಳು. ಹೆರಿಗೆಯ ಲೆಕ್ಕ ಸುಲಭ: ಒಂದು, ಎರಡು, ಮೂರು. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಕಸ ಬೀಳಬೇಕು. ಆಕಳಿಗೆ ಕಸ ಬೀಳದಿದ್ದರೆ ಅರ್ಧ ದಿನ ಕಾಯುತ್ತೇವೆ. ಕುದುರೆಗೆ ಹಾಗೆ ಕಾಯುವಂತಿಲ್ಲ. ಮೂರು ಗಂಟೆ ದಾಟಿದರೆ ನಂಜಾಗಿ ತಾಯಿ ಸಾಯಬಹುದು. ಕೈಹಾಕಿ ಎಳೆಯಬೇಡಿ. ಡಾಕ್ಟರನ್ನು ಕರೆಯಿರಿ. ಕುದುರೆ ಹೆಚ್ಚಾಗಿ ರಾತ್ರಿಯೇ ಈಯುತ್ತದೆ. ಆ ಹೊತ್ತಿನಲ್ಲಿ ಎಚ್ಚರ ಇರುವವರೂ ಹೆಂಗಸರೇ ಅಲ್ಲೇನ್ರಿ?

ಮುಚ್ಚಿಡಬಾರದ ರೋಗ

ಕುದುರೆಯಿಂದ ಮನುಷ್ಯರಿಗೂ ಬರುವ ಒಂದು ಕೆಟ್ಟ ರೋಗವಿದೆ. ಹೆಸರು ಗ್ಲ್ಯಾಂಡರ್ಸ್. ಮೂಗಿನಿಂದ ಹಳದಿ ಬಣ್ಣದ, ಅಂಟಾದ ಸಿಂಬಳ ಸುರಿಯುತ್ತದೆ. ಜ್ವರ, ಕೆಮ್ಮು ಇರುತ್ತದೆ. ಕಾಲಿನ ಮೇಲೆ ಗಂಟು ಎದ್ದು, ಒಡೆದು ಕೀವು ಬರಬಹುದು. ಇದಕ್ಕೆ ಕುದುರೆಗೆ ಲಸಿಕೆ ಇಲ್ಲ.

ಅನುಮಾನ ಬಂದರೆ ಕುದುರೆಯನ್ನು ಬೇರೆ ಕಟ್ಟಿರಿ. ಅದರ ಬಕೆಟ್ಟಿನಲ್ಲಿ ಬೇರೆ ಪ್ರಾಣಿಗೆ ನೀರು ಇಡಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಚೀಲ ಹಾಕಿ ಕೆಲಸ ಮಾಡಿರಿ. ಪಶು ಆಸ್ಪತ್ರೆಗೆ ತಿಳಿಸಿರಿ. ಅವರು ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ರೋಗ ಖಚಿತವಾದರೆ 2009ರ ಕಾಯಿದೆಯಂತೆ ಆ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಮಾಲೀಕರಿಗೆ ಪರಿಹಾರ ಸಿಗುತ್ತದೆ.

ಇದನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. “ಹೇಳಿದರೆ ಕುದುರಿ ಹೋಗತೈತಿ” ಅಂತ ಮುಚ್ಚಿಡುವವರುಂಟು. ಮುಚ್ಚಿಟ್ಟರೆ ಕುದುರೆಯೂ ಹೋಗುತ್ತದೆ, ಅದರ ಜೊತೆ ಮನೆಯವರೂ ಹೋಗಬಹುದು. ಎಲ್ಲ ಸಿಂಬಳವೂ ಗ್ಲ್ಯಾಂಡರ್ಸ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಪರೀಕ್ಷೆ ಹೇಳುತ್ತದೆ.

ಕುದುರೆಯ ಪುಸ್ತಕ

ಈಗ ನಿಮ್ಮ ಅಕ್ಷರಕ್ಕೆ ಕೆಲಸ ಕೊಡುತ್ತೇನೆ. ಒಂದು ನೋಟುಬುಕ್ಕು ಇಡಿ. ಮೇಲೆ ‘ಕುದುರೆ’ ಎಂದು ಬರೆಯಿರಿ. ದಿನಕ್ಕೆ ಒಂದೇ ಸಾಲು. ಹೀಗೆ:

‘ಸೋಮವಾರ. ಮೇವು ತಿಂದಿದೆ. ಲದ್ದಿ ಸರಿ. ನೀರು 1 ಕೊಡ.’

‘ಮಂಗಳವಾರ. ಮೇವು ಉಳಿದಿದೆ. ಲದ್ದಿ 2 ಸಲ. ನೆಲ ಕೆರೆಯುತ್ತಿದೆ. ಬೆಳಿಗ್ಗೆ 6 ಗಂಟೆ.’

ಕಾಗುಣಿತ ತಪ್ಪಿದರೆ ತಪ್ಪಲಿ. ಡಾಕ್ಟರು ಬಂದು “ಯಾವಾಗಿನಿಂದ ಹೀಗೆ?” ಎಂದು ಕೇಳಿದಾಗ, “ನಿನ್ನೆ ಮೊನ್ನೆಯಿಂದ ಇರಬಹುದು” ಅನ್ನಬೇಕಿಲ್ಲ. ಪುಸ್ತಕ ತೋರಿಸಿರಿ. ಸೂಜಿ ಹಾಕಿಸಿದ ತಾರೀಖು, ಗಬ್ಬ ಕಟ್ಟಿದ ತಾರೀಖು, ಗೊರಸು ಕತ್ತರಿಸಿದ ತಾರೀಖು, ಎಲ್ಲವನ್ನೂ ಬರೆಯಿರಿ. ಮೊದಲ ಪುಟದಲ್ಲಿ ಪಶು ಆಸ್ಪತ್ರೆಯ ನಂಬರು, ಪಶು ಸಂಜೀವಿನಿ ವಾಹನದ ನಂಬರು ದೊಡ್ಡದಾಗಿ ಬರೆಯಿರಿ. ಪಶು ಸಂಜೀವಿನಿಗೆ 1962. ನಾಲ್ಕೇ ಅಂಕಿ.

ವಿಮೆಯ ಮಾತೂ ಬರೆದಿಡಿ. ನಮ್ಮ ಹಂಪಿಯಲ್ಲಿ ರಾಜರು ಆಳುವಾಗ ಕುದುರೆಗಳು ಹಡಗಿನಲ್ಲಿ ಅರಬ್ ದೇಶದಿಂದ ಬರುತ್ತಿದ್ದವು. ಪೋರ್ಚುಗಲ್ ದೇಶದ ನೂನಿಜ್ ಎಂಬ ಕುದುರೆ ವ್ಯಾಪಾರಿ 1535ರ ಸುಮಾರಿಗೆ ಒಂದು ವಿಷಯ ಬರೆದಿದ್ದಾನೆ. ಸಮುದ್ರದಲ್ಲಿ ಕುದುರೆ ಸತ್ತರೆ ಅದರ ಬಾಲ ತಂದು ತೋರಿಸಿದರೆ ಸಾಕು, ಸಾಳುವ ನರಸಿಂಹರಾಯ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಈಗ ಅಂಥ ರಾಜರಿಲ್ಲ. ಆದರೆ ಜಾನುವಾರು ವಿಮೆ ಇದೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ಕುದುರೆ, ತಟ್ಟು, ಕತ್ತೆಗೂ ವಿಮೆ ಉಂಟು. 2024ರ ತಿದ್ದುಪಡಿಯಂತೆ ಸಾಕುವವರು ಕಂತಿನ ನೂರಕ್ಕೆ 15 ಪಾಲು ಕಟ್ಟಬೇಕು, ಉಳಿದದ್ದು ಸರಕಾರದ್ದು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ. ವಿಮೆಯವರು ಬಾಲ ಕೇಳುವುದಿಲ್ಲ. ಗುರುತಿನ ಬಿಲ್ಲೆ ಕೇಳುತ್ತಾರೆ, ಡಾಕ್ಟರ ಪತ್ರ ಕೇಳುತ್ತಾರೆ. ಕಾಗದ ಜೋಪಾನ ಮಾಡಿದವರಿಗೆ ಹಣ, ಮಾಡದವರಿಗೆ ಬರೀ ಅಳು.

ಕಂಡವಳು ಹೇಳಬೇಕು

ಕೊನೆಯ ಮಾತು. ಇದು ಎಲ್ಲಕ್ಕಿಂತ ಮುಖ್ಯ.

ಕುದುರೆ ಮೇವು ಬಿಟ್ಟದ್ದು ಬೆಳಿಗ್ಗೆ ಆರು ಗಂಟೆಗೇ ನಿಮಗೆ ಕಾಣುತ್ತದೆ. ಆದರೆ “ಯಜಮಾನರು ಬರಲಿ, ಅವರು ಹೇಳಲಿ” ಅಂತ ಕಾಯುತ್ತೀರಿ. ಅವರು ಪೇಟೆಗೆ ಹೋಗಿರುತ್ತಾರೆ, ಇಲ್ಲವೆ ಕುರಿ ಹಿಂದೆ ಹೋಗಿರುತ್ತಾರೆ. ಸಂಜೆ ಬಂದು ನೋಡುವಾಗ ಕುದುರೆ ಕಾಲು ಚಾಚಿರುತ್ತದೆ. ಆಮೇಲೆ ಬೈಗುಳ ಯಾರಿಗೆ? ನಿಮಗೇ. “ಮನ್ಯಾಗಿದ್ದು ಏನು ನೋಡ್ತಿದ್ದಿ?” ಅಂತಾರೆ. ನೀವು ನೋಡಿದ್ದೀರಿ. ಹೇಳುವ ಹಕ್ಕು, ಕರೆಯುವ ಹಕ್ಕು ನಿಮಗಿರಲಿಲ್ಲ.

ಇದನ್ನು ಮೊದಲೇ ಮನೆಯಲ್ಲಿ ಮಾತಾಡಿರಿ. ಕುದುರೆ ಚೆನ್ನಾಗಿರುವಾಗಲೇ ಮಾತಾಡಿರಿ. “ಲದ್ದಿ ನಿಂತು ನೆಲ ಕೆರೆದರೆ, ಮೊಳೆ ನೆಟ್ಟರೆ, ಕಸ ಬೀಳದಿದ್ದರೆ ನಾನು ಯಾರಿಗೂ ಕಾಯುವುದಿಲ್ಲ. ಫೋನು ಮಾಡುತ್ತೇನೆ” ಎಂದು ತಿಳಿಸಿರಿ. ಕುದುರೆ ದುಡಿದ ಹಣದಲ್ಲಿ ಸ್ವಲ್ಪ ಒಂದು ಡಬ್ಬಿಯಲ್ಲಿ ಹಾಕಿಡಿ. ಅದು ಕುದುರೆಯ ಔಷಧಿಯ ದುಡ್ಡು. ಬೀಗದ ಕೈ ನಿಮ್ಮ ಹತ್ತಿರ ಇರಲಿ. ಡಬ್ಬಿ ತುಂಬದಿದ್ದರೆ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿರಿ. ಆಕಳಿಗೆ ಸಾಲ ಕೊಡುವ ಸಂಘ ಕುದುರೆಗೆ ಯಾಕೆ ಕೊಡಬಾರದು?

ಒಂದು ಕುದುರೆ ಸತ್ತರೆ ಆ ವರ್ಷ ಕುರಿ ಹಿಂಡಿನ ಸಾಮಾನು ಹೊರುವವರು ಯಾರು? ಆ ಹೊರೆಯೂ ಹೆಂಗಸರ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಕುದುರೆ ಉಳಿಸುವುದು ಅಂದರೆ ನಿಮ್ಮ ಬೆನ್ನು ಉಳಿಸಿಕೊಳ್ಳುವುದೂ ಹೌದು.

ಇವತ್ತು ಮನೆಗೆ ಹೋದ ಮೇಲೆ, ದೀಪ ಆರಿಸುವ ಮೊದಲು ಪುಸ್ತಕ ತೆಗೆಯಿರಿ. ಮೊದಲ ಪುಟದಲ್ಲಿ 1962 ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ. ಮನೆಯಲ್ಲಿ ಕುದುರೆ ಇಲ್ಲದವರು ಪಕ್ಕದ ಮನೆಯಾಕೆಗೆ ಇದನ್ನು ಓದಿ ಹೇಳಿರಿ. ನಾಳೆ ಬೆಳಿಗ್ಗೆ ಕಸ ಗುಡಿಸುವಾಗ ಐದು ಸಂಗತಿ ನೋಡಿ, ಮೊದಲ ಸಾಲು ಬರೆಯಿರಿ. ಮುಂದಿನ ವಾರ ಬರುವಾಗ ಪುಸ್ತಕ ತನ್ನಿರಿ. ಒಬ್ಬರದು ಒಬ್ಬರು ಓದೋಣ.